ಕಿಟಕಿ ಪಕ್ಕದ ಟವೆಲ್

ಎಂಟೂಕಾಲರ ಹುಲ್ಲಹಳ್ಳಿ ಬಸ್ಸು ನಂಜನಗೂಡು ಸ್ಟ್ಯಾಂಡಿಗೆ ತಿರುಗಿದ್ದೇ ತಡ, ನಾಗೇಂದ್ರ ಓಡಿದ. ವಯಸ್ಸು ನಲವತ್ತನಾಲ್ಕು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಆದರೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೂರನೇ ಸಾಲು, ಕಿಟಕಿ ಪಕ್ಕ. ಹತ್ತಿ ಅದರ ಪಕ್ಕದಲ್ಲಿ ಕೂತ ಮೇಲೆ ನೆನಪಾಯಿತು, ಆ ಸೀಟಿನವಳು ಇವತ್ತು ಬರುವುದಿಲ್ಲ. ನಿನ್ನೆಯೂ ಹೀಗೇ ಆಗಿತ್ತು. ಮೊನ್ನೆಯೂ.

ಎರಡು ವರ್ಷದಿಂದ ಅದು ಸಂಘಮಿತ್ರಾಳ ಸೀಟು. ಹುಲ್ಲಹಳ್ಳಿ ಪೋಸ್ಟಾಫೀಸಿನಲ್ಲಿ ಅವಳ ಕೆಲಸ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನಿಲ್ಲುವುದಕ್ಕೂ ಜಾಗವಿರುತ್ತಿರಲಿಲ್ಲ. "ಬನ್ನಿ ಮೇಡಂ, ಟವೆಲ್ ಹಾಕಿದೀನಿ" ಎಂದು ಅವನು ಒಂದು ದಿನ ಕರೆದಿದ್ದೇ ಶುರು. ಆಮೇಲೆ ನಾಲೆ ಪಕ್ಕದ ಗದ್ದೆಯಲ್ಲಿ ಹಕ್ಕಿ ತೋರಿಸುವ ನೆಪ.

"ಅದು ಕೊಕ್ಕರೆ ಅಲ್ಲ ಕಣ್ರೀ, ಬೆಳ್ಳಕ್ಕಿ."

"ಎರಡೂ ಬೆಳ್ಳಗಿವೆ ಸರ್. ನಿಮ್ಗೊಬ್ರಿಗೇ ಬೇರೆ ಬೇರೆ ಕಾಣೋದು." ಹೀಗೆ ಹೇಳಿ ಓರೆಗಣ್ಣಲ್ಲಿ ಅವನ ಮುಖ ನೋಡುತ್ತಿದ್ದಳು, ಕೋಪ ಬಂತೋ ಇಲ್ಲವೋ ಅಂತ. ಬರುತ್ತಿರಲಿಲ್ಲ.

ಅವಳಮ್ಮ ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಅಂದಳು, "ಆಫೀಸಿಂದ ಅಂಡಮಾನ್‌ಗೆ ಹೋಗಿಬರಕ್ಕೆ ಖರ್ಚು ಕೊಡ್ತಾರೆ ಸರ್. ಅಮ್ಮ ಹಾಸಿಗೆ ಹಿಡಿದಾಗ ಆಗ್ಲಿಲ್ಲ. ಈಗ ಎಲ್ಲಿಗೆ ಅಂತ ಕೇಳೋರೂ ಇಲ್ಲ."

ನಾಗೇಂದ್ರನ ಬಳಿ ಇಪ್ಪತ್ತು ವರ್ಷದ ಹಳೇ ನೋಟ್‌ಬುಕ್ಕಿತ್ತು. ಅಂಡಮಾನಿನ ಯಾವ ದ್ವೀಪದಲ್ಲಿ ಯಾವ ಹಕ್ಕಿ, ಯಾವ ತಿಂಗಳು ಕಡಲಾಮೆ ಮರಳಿಗೆ ಬಂದು ಮೊಟ್ಟೆ ಇಡುತ್ತದೆ, ಎಲ್ಲ ಬರೆದಿಟ್ಟಿದ್ದ. ಹೋಗಿರಲಿಲ್ಲ ಅಷ್ಟೇ. ಒಬ್ಬನೇ ಹೋಗಿ ಆಮೆ ನೋಡಿ ಬಂದು ಯಾರಿಗೆ ಹೇಳುವುದು? ಆರು ತಿಂಗಳು ಆ ನೋಟ್‌ಬುಕ್ ಇಬ್ಬರ ಮಡಿಲ ನಡುವೆ ಓಡಾಡಿತು.

"ಮೊಟ್ಟೆ ಇಡುವಾಗ ಆಮೆ ಅಳುತ್ತಂತೆ, ಹೌದಾ?"

"ಅಳು ಅಲ್ಲ, ಮೈಯಲ್ಲಿರೋ ಉಪ್ಪು ಹೊರಗೆ ಹಾಕೋದು."

"ಹಂಗಾದ್ರೆ ಅಮ್ಮ ಹೋದಾಗ ನಾನೂ ಉಪ್ಪೇ ಹೊರಗೆ ಹಾಕಿದ್ದು ಬಿಡಿ," ಎಂದು ನಕ್ಕಳು. ಅವತ್ತೇ ಅವನಿಗೆ ಗೊತ್ತಾಗಿದ್ದು, ಇವಳಿಲ್ಲದೆ ತನಗೆ ಆಗುವುದಿಲ್ಲ ಅಂತ.

ಟಿಕೆಟ್ ತೆಗೆಯುವ ದಿನ ಅವಳು ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು, "ಎರಡು ನೋಡ್ಲಾ?"

"ಯಾರಿಗೆ?" ಅಂದುಬಿಟ್ಟ ಪುಣ್ಯಾತ್ಮ.

ಬೇಕೆಂದು ಅಂದಿದ್ದಲ್ಲ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ, ಹಾಗಾಗಿ ಹೊಳೆಯಲೇ ಇಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. "ಒಂದೇ ಸಾಕು ಬಿಡಿ." ಮಾರನೇ ದಿನ ಸರಿಮಾಡಲು ಹೋಗಿ, "ನಂಗೂ ರಜಾ ಸಿಗೋದು ಕಷ್ಟ" ಎಂದು ಇನ್ನಷ್ಟು ಕೆಡಿಸಿದ. ರಜಾ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಧೈರ್ಯ. ಮೊನ್ನೆ ಅವಳು ಒಬ್ಬಳೇ ಹೊರಟುಹೋದಳು.

"ಸಾ, ಮೇಡಂ ಊರಲ್ಲಿಲ್ವಲ್ಲ," ಕಂಡಕ್ಟರ್ ರಾಜು ಬಂದು ನಿಂತ. "ಟವೆಲ್ ತಗೀರಿ. ಅವ್ವ ನಿಂತದೆ."

ಸೊಪ್ಪಿನ ಚೀಲ ಹಿಡಿದ ಪುಟ್ಟಮಾದಮ್ಮ ಕಾಯಲಿಲ್ಲ. ಟವೆಲ್ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟಳು. "ಬರೋರು ಬಂದ್ರೆ ಎದ್ದೋಯ್ತೀನಿ ಕಣಪ್ಪ."

ಅರ್ಧ ದಾರಿಯಲ್ಲಿ ಫೋನ್ ಬಂತು. ಗಾಳಿಯ ಸದ್ದು, ಇಂಜಿನ್ ಸದ್ದು, ಮಧ್ಯೆ ಸಂಘಮಿತ್ರಾಳ ದನಿ.

"ಸರ್, ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋ ಹಡಗಲ್ಲಿದೀನಿ. ಸಿಗ್ನಲ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಬೆಳ್ಳಕ್ಕಿ ಕಂಡೆ. ಕೊಕ್ಕರೆ ಅಲ್ಲ."

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಇಲ್ಲೂ ರಶ್ಶು. ನನ್ನ ಪಕ್ಕದ ಜಾಗಕ್ಕೆ ದುಪಟ್ಟಾ ಹಾಕಿ ಕೂತಿದ್ದೆ, ನಿಮ್ಮಿಂದ ಬಂದ ಅಭ್ಯಾಸ. ಯಾರ್ ಬರ್ತಾರೆ ಅಂತ ಹಡಗಿನವರು ಜೋರು ಮಾಡಿದ್ರು. ಬರ್ತಾರೆ ಅಂದೆ. ಸುಳ್ಳು ಹೇಳಿದ್ನಾ, ಸರ್?"

ಈ ಸಲವೂ ಬಾಯಿ ತಪ್ಪಿದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು.

"ಇಲ್ಲ ಸಂಘಮಿತ್ರಾ. ಆಮೆ ನೋಡಕ್ಕೆ ಇನ್ನೂ ನಾಕು ದಿನ ಅದೆ ಅಲ್ವಾ? ಅಷ್ಟರೊಳಗೆ ಬತ್ತೀನಿ. ಆಮೆಗಲ್ಲ, ನಿಮಗೋಸ್ಕರ. ದುಪಟ್ಟಾ ತಗೀಬೇಡಿ."

ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಉಪ್ಪು ಸರ್, ಉಪ್ಪು," ಎಂದಳು. ಲೈನ್ ಕಟ್ಟಾಯಿತು.

ನಾಗೇಂದ್ರ ಬಸ್ಸು ನಿಲ್ಲಿಸಲು ಎದ್ದು ನಿಂತು ಕೂಗಿದ, "ರಾಜು, ಒಲ್ಡಾನ್!"

"ಸ್ಕೂಲ್ ಇನ್ನೂ ದೂರ ಅದೆ ಸಾ!"

"ಎಡ್‌ಮಾಸ್ಟ್ರಿಗೆ ಫೋನ್ ಮಾಡ್ತೀನಿ. ನಂಜನಗೂಡಿಗೆ ವಾಪಸ್ ಓಗ್ಬೇಕು."

ರಸ್ತೆಗಿಳಿದು ಆಚೆ ಬದಿಗೆ ದಾಟುವಷ್ಟರಲ್ಲಿ ಪುಟ್ಟಮಾದಮ್ಮ ಕಿಟಕಿಯಿಂದ ಕೈ ಚಾಚಿ ಟವೆಲ್ ಆಡಿಸಿದಳು. "ಮೇಷ್ಟ್ರೇ, ಇದ ಮರ್ತೋದ್ರಲ್ಲ! ಸೀಟು ಇಡಿಯಾಕೆ ಬ್ಯಾಡ್ವಾ?"

"ನೀವೇ ಇಟ್ಕಳಿ ಕಣವ್ವ," ಅಂದ ನಾಗೇಂದ್ರ. "ಅಲ್ಲಿ ನಂಗೆ ಸೀಟು ಇಡ್ದವ್ರೆ."