ಸುಣ್ಣದಡಿಯ ಸೂರ್ಯ

"ಅಲ್ಲೇ ನಿಲ್ಲಿ! ಆ ಹಲಗೆ ಕಟ್ಟಿಲ್ಲ!"

ಗಟ್ಟಿ ಕೈಯೊಂದು ಅವಳ ಮೊಣಕೈ ಹಿಡಿದು ಹಿಂದಕ್ಕೆಳೆಯಿತು. ಚರ್ಚಿನ ಚಾವಣಿಗೆ ನೀಲಿ ಬಳಿಯಲು ಬಂದಿದ್ದ ಚಿತ್ರಗಾರ್ತಿ ಕಣ್ಣು ತೆರೆದರೆ, ಎದುರಿಗೆ ಗಾರೆಯವನ ಮುಖ. ರೆಪ್ಪೆಯ ಮೇಲೂ ಸುಣ್ಣ!

"ಸಾರುವೆ ಮೇಲೆ ಯಾರಾದ್ರೂ ಕಣ್ಣು ಮುಚ್ಕೋತಾರಾ?"

"ಸೂರ್ಯನಿಗೆ ಕೈ ಮುಗೀತಿದ್ದೆ... ಅಜ್ಜಿ ಕಲಿಸಿದ್ದು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಚರ್ಚಿನೊಳಗೆ ನಿಂತು ಆಡುವ ಮಾತೇ ಇದು! ಅವನು ಕಿಟಕಿಯ ಬಿಸಿಲು ನೋಡಿ, "ಒಳ್ಳೇ ಜಾಗಾನೇ ಹುಡುಕಿದ್ದೀರಿ" ಎಂದು ನಕ್ಕ.

ಆ ನಗುವಿಗೇ ಅವಳು ಬಿದ್ದದ್ದು. ಹಲಗೆಯಿಂದ ಬಿದ್ದಿದ್ದರೆ ಕೈಕಾಲಷ್ಟೇ ಮುರಿಯುತ್ತಿತ್ತು!

ಆಮೇಲಿನ ದಿನಗಳೆಲ್ಲ ನೀಲಿ ನೀಲಿ... ಅವನು ಗಾರೆ ಮೆತ್ತುವನು, ಅವಳು ಆಕಾಶ ಬಳಿಯುವಳು. ಕೆಳಗೆ ಭೂಮಿ ಇರುವುದೇ ಇಬ್ಬರಿಗೂ ಮರೆತುಹೋಗಿತ್ತು.

ನೆನಪಿಸಿದ್ದು ಅವನ ಅಮ್ಮ, ಮದುವೆ ಮಾತೆತ್ತಿದ ದಿನ, ಅವಳೆದುರಿಗೇ. "ಹುಡುಗಿ ಬಂಗಾರ ಕಣೋ. ಆದ್ರೆ ಆ ಸೂರ್ಯ-ಗೀರ್ಯ ಎಲ್ಲ ಬಿಟ್ಟು ಬರಲಿ."

ಅವನು ತುಟಿಪಿಟಕ್ಕೆನ್ನಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು. ಬೆಳಗಿನ ಬಿಸಿಲಿಗೆ ಕೈ ಮುಗಿದಾಗಲೆಲ್ಲ ತೀರಿಹೋದ ಅಜ್ಜಿ ಪಕ್ಕದಲ್ಲೇ ನಿಂತ ಹಾಗಾಗುತ್ತಿತ್ತು. ಇವನು ಬೇಕೆಂದರೆ ಅಜ್ಜಿಯನ್ನು ಬಿಡಬೇಕೇ?

ಅದೇ ವಾರ ಚಾವಣಿಯ ಹಳೇ ಸುಣ್ಣದ ಚಕ್ಕೆಯೊಂದು ಉದುರಿತು. ಅದರಡಿಯಲ್ಲಿ ಒಂದು ಕಣ್ಣು... ಕೆನ್ನೆ... ತಲೆಯ ಸುತ್ತ ಚಿನ್ನದ ಕಿರಣ. ಸೂರ್ಯದೇವ! ಆದರೆ ಕೈಯಲ್ಲಿ ಶಿಲುಬೆ. ಹಳೇ ಕಾಲದ ಯಾರೋ ಸೂರ್ಯನ ಕಿರಣಗಳನ್ನು ಏಸುವಿಗೆ ತೊಡಿಸಿ ಬರೆದಿದ್ದರು.

ಮರುದಿನ ಅವಳು ಬಂದಾಗ ಗಾರೆಯವನ ಕರಣೆ ಅದೇ ಕೆನ್ನೆಯ ಮೇಲಿತ್ತು. ಪಕ್ಕದಲ್ಲಿ ಸುಣ್ಣದ ಬಕೆಟ್ಟು!

"ಅಳಿಸು! ಮೊದಲು ಅದನ್ನ, ಆಮೇಲೆ ನನ್ನನ್ನ!"

ಕುಂಚಗಳನ್ನು ಎಸೆದು ತಿರುಗಿದರೆ ಬಾಗಿಲಲ್ಲಿ ವಯಸ್ಸಾದ ಪಾದ್ರಿ, ಜೊತೆಗೆ ಅವನ ಅಮ್ಮ.

"ಅಳಿಸ್ತಿಲ್ಲಮ್ಮ" ಎಂದರು ಪಾದ್ರಿ. "ಅಂಚಿಗೆ ಸುಣ್ಣ ಕಟ್ಟದಿದ್ರೆ ಮುಖವೆಲ್ಲ ಉದುರಿಹೋಗತ್ತೆ. ಉಳಿಸ್ತಿದ್ದಾನೆ."

ಅಮ್ಮ ಮೇಲೆ ನೋಡಿ ಗಾಬರಿಯಾದರು. "ಅನ್ಯದೇವರ ಮುಖ ಅಲ್ವಾ ಫಾದರ್?"

"ಸೂರ್ಯನನ್ನ ನಾವು ಪೂಜಿಸಲ್ಲ. ಆದ್ರೆ ಬೆಳಕು ಹುಡುಕಿದವರು ನಮಗಿಂತ ಮೊದಲೂ ಇದ್ರಲ್ಲ? ಸತ್ಯ ಯಾರ ಅಂಗಳದಲ್ಲಿ ಸಿಕ್ಕರೂ ದೇವರದ್ದೇ. ನಿಮ್ಮ ಮದುವೆ ಉಂಗುರ ನೋಡ್ಕೊಳ್ಳಿ... ಅದನ್ನೂ ನಾವು ಅನ್ಯದೇವರನ್ನ ಪೂಜಿಸ್ತಿದ್ದ ಆ ಹಳಬರಿಂದಲೇ ಕಲಿತದ್ದು!"

ಅಮ್ಮ ಉಂಗುರ ತಿರುಗಿಸುತ್ತಾ ನಿಂತರು. ಗಂಡ ಹೋದ ಮೇಲೂ ಅದನ್ನು ಬೆರಳಿಂದ ತೆಗೆದವರಲ್ಲ. ಕಣ್ಣು ತುಂಬಿಬಂತು. ಅವಳ ಗಲ್ಲ ಮುಟ್ಟಿ, "ನಿನ್ನ ಸೂರ್ಯ ಅಜ್ಜಿ ಕೊಟ್ಟಿದ್ದಂತೆ... ಬಿಟ್ಟು ಬಾ ಅಂದುಬಿಟ್ಟೆ. ಹಾಗೇ ಬಾ ಮಗಳೇ" ಎಂದರು.

ಪಾದ್ರಿ ಮೆಲ್ಲಗೆ ಅಮ್ಮನನ್ನು ಹೊರಗೆ ಕರೆದೊಯ್ದರು. ಅವನು ಕೆಳಗಿಳಿದು ಬಂದ.

"ಆವತ್ತು ಯಾಕೆ ಸುಮ್ಮನಿದ್ದೆ?"

"ಅಮ್ಮನಿಗೆ ಎದುರಾಡೋಕೆ ಬರಲ್ಲ... ಅದಕ್ಕೇ ಫಾದರ್ ಹತ್ರ ಹೇಳಿ ಇಲ್ಲಿಗೇ ಕರೆಸಿದೆ. ನಿನ್ನಿಂದ ಒಂದು ಚಕ್ಕೇನೂ ಉದುರಬಾರದು ಕಣೇ ನನಗೆ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಮದುವೆ ಆದ್ಮೇಲೆ ಬೆಳಿಗ್ಗೆ ನನ್ನನ್ನೂ ಎಬ್ಬಿಸು. ಪಕ್ಕದಲ್ಲಿ ನಿಲ್ತೀನಿ."

"ನೀನೂ ಕೈ ಮುಗೀತೀಯಾ?"

"ಇಲ್ಲ, ನನ್ನ ಪ್ರಾರ್ಥನೆ ನಾನು ಮಾಡ್ತೀನಿ. ಇಬ್ಬರಿಗೂ ಒಂದೇ ಕಿಟಕಿ ಸಾಕಲ್ವಾ?"

"ಸಾಕು..." ಅವಳು ಸೆರಗಿನ ತುದಿ ಎತ್ತಿಕೊಂಡಳು. "ಕಣ್ಣು ಮುಚ್ಚು ಈಗ. ರೆಪ್ಪೆ ಮೇಲೆ ಸುಣ್ಣ!"