ಗಾಸ್ಪಾರೆ ಲೊಕಾಶೊನ ಬೂದಿ

ಅಕ್ಟೋಬರ್ 21, ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲಿಗೆ ಪಲೆರ್ಮೊ ಬಂದರು ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಮಹಿಳಾ ಪೇದೆ ರೊಸಾಲ್ಬಾ ಮಿರ್ತೊ ಮೊದಲು ಒಪ್ಪಲಿಲ್ಲ. ಹಡಗಿನಿಂದ ಇಳಿದ ಪ್ರವಾಸಿಗರು ದಿನವೂ ಕಳೆದುಕೊಳ್ಳುವುದು ಪರ್ಸು, ಮೊಬೈಲು, ಹೆಚ್ಚೆಂದರೆ ಕೊರಳ ಸರ. ಈಕೆ ಗಂಡನನ್ನೇ ಯಾರೋ ಕದ್ದರು ಎನ್ನುತ್ತಿದ್ದಳು. ಬಿಸಿಲಿಗೆ ತಲೆ ಕೆಟ್ಟಿರಬೇಕೆಂದು ರೊಸಾಲ್ಬಾ ನೀರು ಕೊಟ್ಟು ಕೂರಿಸಿದಳು.

ದೂರುದಾರಳ ಹೆಸರು ಒರ್ನೆಲ್ಲಾ ಬ್ರುಟ್ಸೋನೆ. ವಯಸ್ಸು ಅರವತ್ತೇಳು, ಊರು ಜಿನೋವಾ, ಕಸುಬು ಹೊಲಿಗೆ. ಗಂಡ ಗಾಸ್ಪಾರೆ ಲೊಕಾಶೊ ಮಾರ್ಚಿನಲ್ಲಿ ತೀರಿಕೊಂಡಿದ್ದ. ಅವನ ಹುಟ್ಟೂರು ಪಲೆರ್ಮೊ. ಊರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಅವನ ಬೂದಿಯನ್ನು ಕಡಲಿಗೆ ಬಿಡಬೇಕೆಂದು ಅವಳು ಈ ಮೆಡಿಟರೇನಿಯನ್ ಯಾನಕ್ಕೆ ಒಬ್ಬಳೇ ಹೊರಟಿದ್ದಳು. ನಗರಸಭೆಯ ಅನುಮತಿ ಸಿಕ್ಕಿತ್ತು, ಹಡಗಿನ ಕಪ್ತಾನನೂ ಒಪ್ಪಿದ್ದ. ಹಡಗು ಸಂಜೆ ಐದಕ್ಕೆ ಹೊರಡುವುದಿತ್ತು. ಅಷ್ಟರೊಳಗೆ ಬೂದಿಯ ಕಲಶ ಸಿಗಬೇಕು, ಇಲ್ಲವಾದರೆ ಬಂದದ್ದೇ ದಂಡ ಎಂದು ಅವಳು ಮೂರು ಸಲ ಹೇಳಿದಳು.

ಇನ್‌ಸ್ಪೆಕ್ಟರ್ ಕಲೋಜೆರೊ ಸ್ಪತಾರೊ ಒಳಗಿನಿಂದ ಎದ್ದು ಬಂದ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಯಾರ ಮಾತನ್ನೂ ಪೂರ್ತಿ ನಂಬುವುದು ಅವನ ಜಾಯಮಾನವಲ್ಲ.

"ಎಲ್ಲಿ ಕಳೀತು?"

"ಕಳೀಲಿಲ್ಲ, ಕದ್ರು. ಬಂದರಿನ ಎದುರು ಕಾಫಿ ಅಂಗಡೀಲಿ. ನಾನು ಶೌಚಕ್ಕೆ ಹೋಗಿದ್ದೆ."

"ಅಂಥದ್ದನ್ನ ಅಲ್ಲೇ ಬಿಟ್ಟು ಹೋದ್ರಾ?"

"ಒಬ್ಬಳೇ ಬಂದಿರೋಳು ಯಾರ ಕೈಗೆ ಕೊಡ್ಲಿ ಸಾಹೇಬ್ರೆ? ಅಂಥ ಜಾಗಕ್ಕೆ ಅವರನ್ನ ಕರ್ಕೊಂಡು ಹೋಗೋದು ಮರ್ಯಾದೆ ಅಲ್ಲ ಅನ್ನಿಸ್ತು. ಪಕ್ಕದ ಮೇಜಲ್ಲಿ ಕಪ್ಪು ಬಟ್ಟೆ ಹಾಕಿದ್ದ ವಯಸ್ಸಾದ ಹೆಂಗಸು ಕೂತಿದ್ರು. ಚೀಲ ಸ್ವಲ್ಪ ನೋಡ್ಕೊಳ್ಳಿ ಅಕ್ಕಾ ಅಂದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಮೇಯ್ದ ರೀತಿ ವಿಚಿತ್ರವಾಗಿತ್ತು. ಪರ್ಸು, ಮೊಬೈಲು, ಹಡಗಿನ ಕಾರ್ಡು ಎಲ್ಲವೂ ಚೀಲದಲ್ಲಿ ಇದ್ದಂತೆಯೇ ಇದ್ದವು. ಕಲಶ ಮಾತ್ರ ಇರಲಿಲ್ಲ. ಸ್ಪತಾರೊ ಎಫ್‌ಐಆರ್ ಬರೆಸಿ, ಒರ್ನೆಲ್ಲಾಳನ್ನೂ ರೊಸಾಲ್ಬಾಳನ್ನೂ ಕರೆದುಕೊಂಡು ಅಂಗಡಿಗೆ ನಡೆದ.

ಅಂಗಡಿಯ ಮಾಲೀಕ ಸಾರೊಗೆ ಆ ಹೆಂಗಸು ಚೆನ್ನಾಗಿ ನೆನಪಿದ್ದಳು. ಅವಳು ಸೇವಂತಿಗೆಯ ಕಟ್ಟೊಂದನ್ನು ತಂದು ಮೇಜಿನ ಮೇಲೆ ಇಟ್ಟಿದ್ದಳಂತೆ. ಈ ಊರಿನಲ್ಲಿ ಸೇವಂತಿಗೆ ಮುಡಿಯುವ ಹೂವಲ್ಲ, ಗೋರಿಯ ಹೂವು. ಬೋಣಿಯ ಹೊತ್ತಿನಲ್ಲಿ ಅದನ್ನು ಕಂಡು ಸಾರೊನ ಎದೆ ಧಸಕ್ಕೆಂದಿತ್ತು. ಕೆಳಗಿಡಿ ತಾಯಿ ಎಂದು ಎರಡು ಸಲ ಹೇಳಿದನಂತೆ. ಈಗ ಹೇಳುವಾಗಲೂ ಅಪಶಕುನ ಕಳೆಯಲೆಂದು ಜೇಬಿನೊಳಗೆ ಕಬ್ಬಿಣದ ಬೀಗದ ಕೈಯನ್ನು ಮುಟ್ಟಿಕೊಂಡೇ ಇದ್ದ.

ಸ್ಪತಾರೊ ಒರ್ನೆಲ್ಲಾಳ ಕಡೆ ತಿರುಗಿದ.

"ನೀವು ಬರೋದು ಈ ಊರಲ್ಲಿ ಯಾರಿಗೆ ಗೊತ್ತಿತ್ತು?"

ಗಂಡನ ಅಕ್ಕನಿಗೆ ಫೋನ್ ಮಾಡಿ ಹಡಗಿನ ಹೆಸರು, ದಿನ ಎಲ್ಲ ತಿಳಿಸಿದ್ದೆ ಎಂದಳು. ಬೇಕಿದ್ದರೆ ದಡದಲ್ಲಿ ನಿಂತು ಒಂದು ಪ್ರಾರ್ಥನೆ ಮಾಡಲಿ ಎಂಬ ಆಸೆ. ಆಚೆಯವಳು ಒಂದು ಮಾತೂ ಆಡದೆ ಫೋನ್ ಇಟ್ಟಿದ್ದಳು.

"ಅವರನ್ನ ನೋಡಿದ್ರೆ ಗುರುತು ಸಿಗಲ್ವಾ?"

"ಒಂದ್ಸಲಾನೂ ನೋಡಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಆ ಮನೆ ಹೊಸಿಲು ತುಳಿದಿಲ್ಲ."

ಆ ಅಕ್ಕ, ಕ್ರೊಚಿಫಿಸ್ಸಾ ಲೊಕಾಶೊ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂಟಿಯಾಗಿದ್ದಳು. ಎಪ್ಪತ್ತನಾಲ್ಕು ವಯಸ್ಸು, ಮದುವೆಯಾದವಳಲ್ಲ. ಒರ್ನೆಲ್ಲಾಳನ್ನು ಜೀಪಿನಲ್ಲೇ ಕೂರಿಸಿ ಪೊಲೀಸರು ಮೆಟ್ಟಿಲು ಹತ್ತಿದರು. ಗೋಡೆಯ ತುಂಬ ತಮ್ಮನ ಫೋಟೊಗಳು: ಹುಡುಗನಾಗಿದ್ದಾಗ ಚರ್ಚಿನಲ್ಲಿ ದೀಕ್ಷೆ ಪಡೆದ ದಿನದ್ದು, ಸೈನ್ಯದ ದಿರಿಸಿನದ್ದು. ಬದುಕಿದ್ದಾಗ ಒಂದು ದಿನ ಬಾ ಎನ್ನಲಿಲ್ಲ, ಈಗ ಗೋಡೆ ಸಾಲದು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವುದು ಸುಮ್ಮನೆ ಅಲ್ಲ.

ಕಾಫಿ ಅಂಗಡಿಗೆ ಹೋಗಿಯೇ ಇಲ್ಲ ಎಂದಳು ಮೊದಲು. ಸಾರೊನನ್ನು ಕರೆಸಲೇ ಎಂದಾಗ, ಹೋಗಿದ್ದೆ, ಕುಡಿದೆ, ಬಂದೆ ಎಂದಳು. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಮನೆ ಹುಡುಕಿದರು. ಕಲಶವಿರಲಿಲ್ಲ.

"ಸೇವಂತಿಗೆ ಎಲ್ಲಿ, ತಾಯಿ?" ಎಂದ ಸ್ಪತಾರೊ.

"ಅಮ್ಮನ ಗೋರಿಗೆ ಅಂತ ತಂದಿದ್ದೆ. ಬಾಡಿದ್ವು, ಬಿಸಾಡ್ದೆ."

ರೊಸಾಲ್ಬಾ ಇನ್‌ಸ್ಪೆಕ್ಟರನ್ನು ಬಾಗಿಲಾಚೆ ಕರೆದಳು. "ಸುಳ್ಳು ಸರ್. ಅಮ್ಮನಿಗೆ ಅಂತ ತಂದ ಹೂವನ್ನ ಈ ಊರಲ್ಲಿ ಯಾರು ಬಿಸಾಡ್ತಾರೆ? ನಮ್ಮಮ್ಮ ಆಗಿದ್ರೆ ಬಾಡಿದ್ದನ್ನೂ ಹೊತ್ಕೊಂಡು ಹೋಗ್ತಿದ್ಲು."

ಮಧ್ಯಾಹ್ನ ಎರಡೂವರೆಗೆ ಜೀಪು ಗುಡ್ಡದ ಬುಡದ ಸ್ಮಶಾನದಲ್ಲಿ ನಿಂತಿತು. ಒರ್ನೆಲ್ಲಾಳೂ ಕ್ರೊಚಿಫಿಸ್ಸಾಳೂ ಒಂದೇ ಸೀಟಿನ ಎರಡು ತುದಿಯಲ್ಲಿ ಕೂತು ಬಂದಿದ್ದರು, ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕ್ರೊಚಿಫಿಸ್ಸಾಳ ತಾಯಿಯ ಮೂಳೆಗಳನ್ನಿಟ್ಟ ಗೂಡು ಗೋಡೆಯ ಮೂರನೇ ಸಾಲಿನಲ್ಲಿತ್ತು. ಮುಂದೆ ತಾಜಾ ಸೇವಂತಿಗೆ. ಬಿಸಾಡಿದೆ ಎಂದದ್ದು ಸುಳ್ಳು, ಆದರೂ ತಾಯಿಗೆ ಹೂವಿಟ್ಟದ್ದು ಅಪರಾಧವಲ್ಲ, ಸ್ಪತಾರೊ ಹಾಗೆಯೇ ದಾಟಿ ಹೋಗುತ್ತಿದ್ದನೇನೋ. ಆದರೆ ಅಲ್ಲಿ ಎರಡು ಕೆಂಪು ದೀಪಗಳಿದ್ದವು. ಸತ್ತವರಿಗೆ ತಲೆಗೊಂದು ದೀಪ, ಒಬ್ಬರಿಗೆ ಎರಡು ಇಡುವ ಪದ್ಧತಿ ಈ ಕಡೆ ಇಲ್ಲ. ಎರಡನೆಯದರ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು.

"ಈ ದೀಪ ಯಾರಿಗೆ?"

ಕ್ರೊಚಿಫಿಸ್ಸಾ ಆ ಬೆಲೆಚೀಟಿಯನ್ನು ಉಗುರಿನಿಂದ ಕೀಳತೊಡಗಿದಳು.

"ಇದೊಂದು ಹಚ್ಚದೇ ಇದ್ದಿದ್ರೆ ನಾವು ಹೊರಟುಹೋಗ್ತಿದ್ವಿ, ತಾಯಿ."

"ಗೊತ್ತು," ಎಂದಳು ಮುದುಕಿ. "ಕತ್ತಲಲ್ಲಿ ಬಿಟ್ಟು ಬರೋಕಾಗುತ್ತಾ? ಮೊದಲಿಂದ್ಲೂ ಕತ್ತಲೆ ಅಂದ್ರೆ ಹೆದರ್ತಿದ್ದ ಅವನು."

ಸ್ಮಶಾನದ ಕಾವಲುಗಾರನೂ ಅಲ್ಲೇ ಕೆಲಸ ಮಾಡುತ್ತಿದ್ದ ಗಾರೆಯವನೂ ಪಂಚರಾದರು. ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದ ನಾಲ್ಕು ಸ್ಕ್ರೂ ಬಿಚ್ಚಿ ಅಮೃತಶಿಲೆಯ ಪುಟ್ಟ ಚಪ್ಪಡಿ ಇಳಿಸಿದರು. ಒಳಗೆ ಕಲಶ ಅಡ್ಡ ಬಿದ್ದಿತ್ತು. ಮುಚ್ಚಳ ತೆರೆದಿತ್ತು, ಕಲಶ ಬರಿದಾಗಿತ್ತು. ಪಕ್ಕದ ಸತುವಿನ ಪೆಟ್ಟಿಗೆಯಲ್ಲಿ ತಾಯಿಯ ಮೂಳೆಗಳ ಮೇಲೆಲ್ಲ ಬೂದಿ ಹರಡಿತ್ತು. ಕೈ ಆಡಿಸಿ ಸಂದುಗೊಂದಿಗೆಲ್ಲ ಸೇರಿಸಿದ್ದು ಕಾಣುತ್ತಿತ್ತು.

ಒರ್ನೆಲ್ಲಾ ಹತ್ತಿರ ಬಂದು ಬಗ್ಗಿ ನೋಡಿದಳು. "ಅವರನ್ನ ಮಾತ್ರ ತೆಗೆಯೋಕಾಗುತ್ತಾ?" ಎಂದು ಕೇಳಿದಳು.

ಮೇಲಿನದಷ್ಟನ್ನು ಒಂದು ಹಿಡಿ ತೆಗೆಯಬಹುದೇನೋ, ಆದರೆ ಬೇರೆಯದೂ ಬರುತ್ತದೆ ಎಂದ ಗಾರೆಯವನು.

"ಹಾಗಾದ್ರೆ ಬೇಡ. ಅವರಮ್ಮನನ್ನೂ ಹೊತ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ."

ನಂತರ ಅವಳು ಕ್ರೊಚಿಫಿಸ್ಸಾಳನ್ನು ಮೊದಲ ಸಲ ನೇರವಾಗಿ ನೋಡಿದಳು. "ಸಾಯೋವಾಗ್ಲೂ ಅಮ್ಮ ನನ್ನನ್ನ ಕೇಳಲಿಲ್ಲ, ಆ ಮಣ್ಣು ನನಗೆ ಬೇಡ ಅಂದಿದ್ರು ನಿನ್ನ ತಮ್ಮ. ಕಡಲಿಂದ ಊರು ಕಂಡ್ರೆ ಸಾಕು, ಇಳಿಸಬೇಡ ಅಂದಿದ್ರು. ನಾನೇ ಕನಿಕರಪಟ್ಟು, ಒಂದ್ಸಲ ಅವರ ಬೀದಿ ತೋರಿಸೋಣ ಅಂತ ಇಳಿಸಿದೆ. ಕ್ಯಾಬಿನ್ನಲ್ಲೇ ಬಿಟ್ಟಿದ್ರೆ ನಿನ್ನ ಕೈಗೆ ಸಿಗ್ತಿರಲಿಲ್ಲ."

ಮುದುಕಿ ತಾಯಿಯ ಗೂಡಿನ ಕಡೆ ಮುಖ ತಿರುಗಿಸಿದಳು. ಪಂಚನಾಮೆಗೆ ಸಹಿಯಾದ ಮೇಲೆ, ಮೂರೂ ನಲವತ್ತಕ್ಕೆ, ಕಳವು ಮತ್ತು ಚಿತಾಭಸ್ಮ ಅಪಹರಣದ ಆರೋಪದಲ್ಲಿ ಅವಳನ್ನು ಬಂಧಿಸಲಾಯಿತು. ವಯಸ್ಸು ನೋಡಿ ಬೇಡಿ ಹಾಕಲಿಲ್ಲ. ರೊಸಾಲ್ಬಾ ಒರ್ನೆಲ್ಲಾಳನ್ನು ಬಂದರಿಗೆ ಬಿಟ್ಟು ಬಂದಳು. ಖಾಲಿ ಕಲಶ ಸಾಕ್ಷ್ಯವಾದ್ದರಿಂದ ಅದನ್ನೂ ಅವಳಿಗೆ ಕೊಡುವಂತಿರಲಿಲ್ಲ.

ಠಾಣೆಯಲ್ಲಿ ವಕೀಲರ ಎದುರು ಹೇಳಿಕೆ ಪಡೆದರು. ಅಷ್ಟು ಸಾವಿರ ಜನರಲ್ಲಿ ತಮ್ಮನ ಹೆಂಡತಿಯನ್ನು ಹೇಗೆ ಗುರುತು ಹಿಡಿದಿರಿ ಎಂದು ಸ್ಪತಾರೊ ಕೇಳಿದ. ಅದೇನು ಕಷ್ಟ ಎಂದಳು ಕ್ರೊಚಿಫಿಸ್ಸಾ. ಎಲ್ಲರೂ ಜೋಡಿಯಾಗಿ, ಗುಂಪಾಗಿ ಇಳಿದರು. ಒಬ್ಬಳೇ ಇಳಿದವಳು, ಚೀಲವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡವಳು ಅವಳೊಬ್ಬಳೇ. ಕೇಳಿ ಪಡೆಯೋಣವೆಂದೇ ಅಂಗಡಿಯವರೆಗೆ ಹಿಂದೆ ಹೋಗಿದ್ದಳಂತೆ, ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವಳೇ ನೋಡ್ಕೊಳ್ಳಿ ಎಂದು ಒಪ್ಪಿಸಿ ಹೋದಳು.

"ಅವಳ ಮೇಲೆ ಹಗೆ ಇತ್ತಾ?"

"ಅವಳ ಮೇಲೆ ಏನಿರುತ್ತೆ? ಅಮ್ಮ ಸಾಯೋಕೆ ಮುಂಚೆ ಒಂದು ವಾರ, ಗಾಸ್ಪಾರೆಗೆ ತಂತಿ ಕಳಿಸು, ಗಾಸ್ಪಾರೆಗೆ ತಂತಿ ಕಳಿಸು ಅಂತ ಒಂದೇ ಸಮ ಅಂದ್ಲು. ಕಳಿಸಿದೀನಿ ಅಂದೆ. ಬಾಗಿಲ ಕಡೆ ತಿರುಗಿಸಿ ಮಲಗಿಸು ಅಂದ್ಲು, ಮಲಗಿಸಿದೆ. ಹಾಗೇ ನೋಡ್ತಾ ನೋಡ್ತಾ ಹೋದ್ಲು."

"ತಂತಿ ಮುಟ್ಟಲಿಲ್ವಾ?"

"ಕಳಿಸಿದ್ರೆ ತಾನೇ ಸಾಹೇಬ್ರೆ ಮುಟ್ಟೋದು? ಮಲ ಮೂತ್ರ ಬಳಿದೋಳು ನಾನು, ಕೇಳೋದು ಅವನನ್ನ. ಹೊಟ್ಟೆ ಉರೀತಿತ್ತು. ಮಣ್ಣಾದ ಮೇಲೆ ಒಂದು ಕಾರ್ಡು ಬರೆದೆ."

ರೊಸಾಲ್ಬಾ ಬರೆಯುವುದನ್ನು ನಿಲ್ಲಿಸಿ ಸ್ಪತಾರೊನ ಮುಖ ನೋಡಿದಳು. ಬರಿ ಎಂದು ಅವನು ಕೈಸನ್ನೆ ಮಾಡಿದ. ಹೇಳಿಕೆಯನ್ನು ಓದಿ ಹೇಳಿದ ಮೇಲೆ ಮುದುಕಿ ಸಹಿ ಹಾಕಿದಳು.

ಹೊತ್ತು ಆರಾಗುತ್ತ ಬಂದಿತ್ತು. ಹಡಗು ಬಂದರು ಬಿಟ್ಟು ಬಹಳ ಹೊತ್ತಾಗಿತ್ತು.

"ಅಮ್ಮ ಗಾಸ್ಪಾರೆಯನ್ನ ಕೇಳಿದ್ಲು ಅಂತ ಆಯಮ್ಮನಿಗೆ ಫೋನ್ ಮಾಡಿ ಹೇಳೋಣ್ವಾ ಸರ್?" ಎಂದಳು ರೊಸಾಲ್ಬಾ.

"ಹೇಳು," ಎಂದ ಸ್ಪತಾರೊ. "ಆದ್ರೆ ಅದನ್ನ ಕೇಳಿಸ್ಕೋಬೇಕಾಗಿದ್ದೋನು ಅವಳಲ್ಲ."

ರೊಸಾಲ್ಬಾ ಮೂರು ಸಲ ನಂಬರು ಒತ್ತಿದಳು. ನಡುಗಡಲಿನಲ್ಲಿ ಫೋನ್ ಸಿಗುತ್ತಿರಲಿಲ್ಲ.