ನೆಟ್ಟನೆಯ ಗೆರೆ

ಮನೆಯಷ್ಟು ದೊಡ್ಡ ಪರಿವರ್ತಕವೊಂದು ಎರೆಮಣ್ಣಿನ ಹಾಳು ರಸ್ತೆಯಲ್ಲಿ ಬರುತ್ತಿತ್ತು. ಅದರ ನೆತ್ತಿಯ ಮೇಲೆ ಒಂದು ಬಸಿ, ಬಸಿಯ ತುಂಬ ಚಹಾ. ಗಾಡಿ ಉಗ್ರಾಣದ ಅಂಗಳಕ್ಕೆ ಬಂದು ನಿಂತಾಗ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಗ್ಯಾಂಗಿನ ಮೇಸ್ತ್ರಿ ಹುಸೇನಪ್ಪ ಚಾಲಕನ ಮುಂಗೋಣೆಯಿಂದ ಇಳಿದು, ಏಣಿ ಹತ್ತಿ, ಎಲ್ಲರೂ ನೋಡಲೆಂದೇ ಆ ಬಸಿಯನ್ನು ತುಟಿಗಿಟ್ಟು ಸೊರ್ರೆಂದು ಕುಡಿದ. ಚಹಾ ಆರಿ ತಣ್ಣಗಾಗಿತ್ತು. ಆದರೂ ಪ್ರತಿ ಸಲ ಹೀಗೆ ಕುಡಿಯುವುದು ಅವನಿಗೆ ಹಬ್ಬ.

"ಆಟ ಸಾಕು ಇಳೀರಿ ಹುಸೇನಪ್ಪ. ಗೆರಿ ತೋರಸ್ರಿ" ಎಂದರು ಸರಕು ಬರಮಾಡಿಕೊಳ್ಳುವ ಅಧಿಕಾರಿ ಬಾದರದಿನ್ನಿ.

ಪರಿವರ್ತಕವೆಂದರೆ ಜನರ ಬಾಯಲ್ಲಿನ ಟ್ರಾನ್ಸ್‌ಫಾರ್ಮರ್. ಓಣಿಯ ಕಂಬದ ಮೇಲಿನ ಡಬ್ಬಿಯಲ್ಲ, ನಾಲ್ಕಾರು ತಾಲೂಕುಗಳಿಗೆ ಬೆಳಕು ಕೊಡುವಂಥದ್ದು. ನೋಡಲು ಉಕ್ಕಿನ ಗುಡ್ಡ. ಒಳಗೆ ಮಾತ್ರ ಬಾಣಂತಿಯಷ್ಟು ನಾಜೂಕು. ಕಾಗದ ಸುತ್ತಿದ ತಾಮ್ರದ ಸುರುಳಿಗಳು ದಾರಿಯ ಒಂದು ಕುಲುಕಿಗೆ ಬೆರಳಗಲ ಸರಿದರೂ ಸಾಕು, ವಿದ್ಯುತ್ ಹರಿದ ದಿನ ಎಲ್ಲವೂ ಸುಟ್ಟು ಬೂದಿ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಹಿಂದೆಲ್ಲ ಇಂಥ ಯಂತ್ರ ಬರುವುದಿದ್ದರೆ ಊರಿಗೆ ಊರೇ ಸಂಭ್ರಮಪಡುತ್ತಿತ್ತು, ಏಕೆಂದರೆ ಅದಕ್ಕಾಗಿ ರಸ್ತೆಯನ್ನು ರಿಪೇರಿ ಮಾಡುತ್ತಿದ್ದರು.

ಆಮೇಲೆ ಸಮತೊಟ್ಟಿಲು ಬಂತು. ಡಾ. ಮಂದಾಕಿನಿ ಹೆಬಸೂರ ಅದನ್ನು ಕಂಡುಹಿಡಿದವರು. ನೂರಾರು ಚಕ್ರಗಳ ಗಾಡಿ ಅದು. ಒಂದೊಂದು ಚಕ್ರಕ್ಕೂ ಒಂದು ಕಾಲು. ಮುಂದಿನ ತಗ್ಗು ದಿಣ್ಣೆಗಳನ್ನು ಗಾಡಿಯ ಮೂತಿಯಿಂದ ಹೊಮ್ಮುವ ಕಿರಣಗಳು ಮೊದಲೇ ಅಳೆಯುತ್ತವೆ. ತಗ್ಗು ಬಂದಲ್ಲಿ ಕಾಲು ಚಾಚುತ್ತದೆ, ದಿಣ್ಣೆ ಬಂದಲ್ಲಿ ಮಡಚಿಕೊಳ್ಳುತ್ತದೆ. ಮೇಲಿನ ಹಲಗೆ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೊಂದೇ ಕೊರತೆ: ಭಾರೀ ತೂಕ ಹೇರದಿದ್ದರೆ ಕಾಲುಗಳು ನಡುಗುತ್ತವೆ. ಖಾಲಿ ತೊಟ್ಟಿಲು ಎತ್ತಿನ ಗಾಡಿಗಿಂತ ಕಡೆ.

ಯಾರೂ ಎಣಿಸದ ಸಂಗತಿ ಆಗ ನಡೆಯಿತು. ಯಂತ್ರಕ್ಕೆ ಒಳ್ಳೆಯ ರಸ್ತೆ ಬೇಡವಾಯಿತು. ಯಂತ್ರಕ್ಕೆ ಬೇಡವಾದ ಮೇಲೆ ಮನುಷ್ಯರಿಗೇಕೆ ಎಂದುಕೊಂಡರೋ ಏನೋ, ಆ ರಸ್ತೆಗೆ ಮತ್ತೆ ಒಂದು ಬುಟ್ಟಿ ಜಲ್ಲಿಯೂ ಬೀಳಲಿಲ್ಲ. ನೂರಾರು ಚಕ್ರಗಳು ತುಳಿದು ತುಳಿದು ಅದು ಉತ್ತ ಹೊಲವಾಯಿತು. ಹಾರುವ ಆಂಬುಲೆನ್ಸುಗಳು ದೊಡ್ಡ ಊರುಗಳಿಗೆ ಬಂದಿದ್ದವು. ಈ ಕಡೆಗೂ ಬರುತ್ತವೆಂದು ಹೇಳುತ್ತಲೇ ಇದ್ದರು.

ತೊಟ್ಟಿಲಿನ ಮಗ್ಗುಲಲ್ಲಿ ಒಂದು ಪುಟ್ಟ ಅಳತೆಕೋಣೆ. ಅದರ ನೆಲದ ಹಲಗೆಗೆ ಬಿಗಿದ ಕಂಪಲೇಖಕವು ಕೂದಲೆಳೆಯಷ್ಟು ಅಲುಗಿದರೂ ಗುರುತಿಸಿ, ಮುಂಗೋಣೆಯ ಪರದೆಯ ಮೇಲೆ ಹಸಿರು ಗೆರೆಯಾಗಿ ಎಳೆಯುತ್ತದೆ. ಎಂಜಿನ್ನಿನ ಗುಡುಗುಡು, ಫ್ಯಾನಿನ ಸದ್ದು ಮುಂತಾದ ಒಂದೇ ತಾಳದ ಕಂಪನಗಳನ್ನು ಅದು ಸೋಸಿ ಬಿಡುತ್ತದೆ. ತಾಳ ತಪ್ಪಿ ಫಕ್ಕನೆ ಬಂದದ್ದು ಮಾತ್ರ ಗೆರೆಯಲ್ಲಿ ಏಳುತ್ತದೆ. ಗೆರೆ ನೆಟ್ಟಗಿದ್ದರೆ ಸರಕು ಸುಖವಾಗಿದೆ. ಗೆರೆ ಎದ್ದರೆ ಗಾಡಿ ನಿಧಾನಿಸಬೇಕು. ಮೇಸ್ತ್ರಿಗಳಿಗೆ ತರಬೇತಿ ಕೊಡುವಾಗ ಮಂದಾಕಿನಿ ಇದನ್ನು ತಲೆಗೆ ತುಂಬಿದ್ದರು.

"ದಾರಿಯೊಳಗ ನೂರು ಮಂದಿ ನೂರು ಹೇಳ್ತಾರ. ಸಾಹೇಬ್ರು ಜೋರು ಬಿಡು ಅಂತಾರ. ನಾನೇ ಬಂದು ಜೋರು ಬಿಡ್ರಿ ಅಂದ್ರೂ ಕೇಳಬ್ಯಾಡ್ರಿ. ಗೆರಿ ಏನು ಹೇಳ್ತದ, ಅದನ್ನ ಕೇಳ್ರಿ."

"ಆತ್ರಿ ಮೇಡಂ. ಗೆರಿ ಸುಳ್ಳ ಹೇಳಂಗಿಲ್ಲ" ಎಂದಿದ್ದ ಹುಸೇನಪ್ಪ. ಅಂದಿನಿಂದ ಅವನ ಗಾಡಿಯ ಗೆರೆ ದಾರ ಹಿಡಿದು ಎಳೆದಂತೆ ಇರುತ್ತಿತ್ತು. ಬೇರೆ ಗ್ಯಾಂಗಿನವರು ಹೊಟ್ಟೆ ಉರಿದುಕೊಳ್ಳುವಷ್ಟು.

ಆ ದಿನವೂ ಅಷ್ಟೇ. ಬಾದರದಿನ್ನಿ ಗೆರೆ ನೋಡಿದರು, ಒಳಗೆ ತುಂಬಿದ ಒಣಗಾಳಿಯ ಒತ್ತಡ ನೋಡಿದರು, ತಲೆದೂಗಿದರು. ಪರಿವರ್ತಕವನ್ನು ಇಳಿಸಿ ಕಾಂಕ್ರೀಟಿನ ಕಟ್ಟೆಯ ಮೇಲೆ ಕೂರಿಸುವುದಷ್ಟೇ ಬಾಕಿ. ಹೊಸ ಕಟ್ಟೆ ನೋಡಲು ಮಂದಾಕಿನಿಯೂ ಬಂದಿದ್ದರು. ಅಷ್ಟರಲ್ಲಿ ಕೂಲಿಕಾರರ ಮನೆಗಳ ಕಡೆಯಿಂದ ನರ್ಸ್ ಎಸ್ತರಮ್ಮ ಓಡಿ ಬಂದಳು.

"ಹುಸೇನಪ್ಪಣ್ಣ, ಹುಲಿಗಿಗೆ ರಕ್ತ ಹೋಗಾಕತ್ತದ."

ಹುಲಿಗೆಮ್ಮ ಅವನ ಒಬ್ಬಳೇ ಮಗಳು. ತಾಯಿ ತೀರಿಹೋಗಿದ್ದಳು, ಗಂಡ ದೂರದ ಬಂದರಿನಲ್ಲಿ ಕೆಲಸಕ್ಕಿದ್ದ. ಮೊದಲ ಹೆರಿಗೆಗೆಂದು ಅಪ್ಪನ ಹತ್ತಿರ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು.

"ಕಸ, ಮಾಸು ಅಂತಾರಲ್ಲ ಅದು, ಹೊಟ್ಟಿಯೊಳಗ ಕೆಳಗ ಕುಂತದ, ಕೂಸಿನ ದಾರಿಗೆ ಅಡ್ಡ" ಎಂದಳು ಎಸ್ತರಮ್ಮ, ಏದುಸಿರು ಬಿಡುತ್ತಾ. "ಕುಲುಕಿದ್ರ ರಕ್ತ ಜಾಸ್ತಿ ಆಗ್ತದ. ಹಂಗಂತ ಇಲ್ಲೇ ಕುಂತ್ರೂ ಆಗಂಗಿಲ್ಲ. ದೊಡ್ಡಾಸ್ಪತ್ರಿಗೆ ಹೋಗಿ ಕೊಯ್ದು ತೆಗೀಬೇಕು. ಬೇಗ ಹೋಗಬೇಕು, ಅಲುಗಬಾರದು. ಈ ರಸ್ತೆದಾಗ ಜೀಪ್ ಹೆಂಗ ಒಯ್ಯೋದು?"

ಹುಸೇನಪ್ಪ ಸಮತೊಟ್ಟಿಲಿನ ಕಡೆ ನೋಡಿದ. ಆಮೇಲೆ ಮಂದಾಕಿನಿಯ ಕಡೆ ನೋಡಿದ.

"ಇಳಸಬ್ಯಾಡ್ರಿ" ಎಂದರು ಮಂದಾಕಿನಿ. "ಭಾರ ಮೇಲೆ ಇರಲೇಬೇಕು. ಸರಕಿನ ಸಮೇತ ವಾಪಸ್ ಹೊರಡೋಣ."

ಬಾದರದಿನ್ನಿ ಪರಿವರ್ತಕದ ಕಡೆ ನೋಡಿದರು. ಕೋಟ್ಯಂತರ ಬೆಲೆಯ ಯಂತ್ರ, ಬಂದ ದಾರಿಯಲ್ಲೇ ಮತ್ತೆ ಪ್ರಯಾಣ. "ಹೋಗ್ರಿ ಹೋಗ್ರಿ, ನಾ ನೋಡ್ಕೋತೀನಿ" ಎಂದು ತಾವೇ ಗೇಟು ತೆರೆದರು.

ಹುಲಿಗೆಮ್ಮನನ್ನು ಅಳತೆಕೋಣೆಯ ನೆಲದ ಹಲಗೆಯ ಮೇಲೆ ಮಲಗಿಸಿದರು. ಇಡೀ ತೊಟ್ಟಿಲಿನಲ್ಲಿ ಎಲ್ಲಕ್ಕಿಂತ ಅಲುಗದ ಸ್ಥಳ ಅದೇ ಎಂದು ಮಂದಾಕಿನಿಗೆ ಗೊತ್ತಿತ್ತು. ಎಸ್ತರಮ್ಮ ಕಾಲಿನ ಹತ್ತಿರ ಕುಳಿತಳು, ಮಂದಾಕಿನಿ ತಲೆಯ ಹತ್ತಿರ. ಹುಲಿಗೆಮ್ಮ ಅವರ ಕೈ ಹಿಡಿದವಳು ಬಿಡಲೇ ಇಲ್ಲ.

"ಅಪ್ಪಾ, ಹೆದರಬ್ಯಾಡ" ಎಂದಳು, ಹೆದರಿದವಳು ತಾನಾದರೂ. "ನೀ ಒಯ್ದ್ರ ಬಸಿಯೊಳಗಿನ ಚಾ ಸೈತ ಚೆಲ್ಲಂಗಿಲ್ಲ."

"ಹೂಂ ನನ್ನವ್ವ. ಹೂವಿನಂಗ ಒಯ್ತೀನಿ. ನೀ ಅಲುಗದಂಗ ಮಲಕ್ಕೋ ಸಾಕು."

ಗಾಡಿ ಹೊರಟಿತು. ಹೊರಗೆ ಚಕ್ರಗಳು ತಗ್ಗಿಗೆ ಬಿದ್ದು ಏಳುತ್ತಿದ್ದವು. ಒಳಗೆ ನೀರು ನಿಂತಂತೆ ನಿಶ್ಚಲ. ದಾರಿಯ ನಡುವಿನ ಹಳ್ಳದ ತನಕ ಬೇಗನೆ ಬಂದರು. ಎಸ್ತರಮ್ಮನ ಮುಖದಲ್ಲಿ ಸ್ವಲ್ಪ ಕಳೆ ಬಂತು. "ಹಿಂಗ ಹೋದ್ರ ಕೂಸು ಉಳೀತದ ಮೇಡಂ" ಎಂದಳು ಮೆಲ್ಲಗೆ.

ಹಳ್ಳ ದಾಟಿದ ಮೇಲೆ ಗಾಡಿ ನಿಧಾನವಾಯಿತು.

ಮಂದಾಕಿನಿ ಮುಂಗೋಣೆಗೆ ದನಿ ಮುಟ್ಟಿಸುವ ಮಾತುಪೆಟ್ಟಿಗೆಯ ಗುಂಡಿ ಒತ್ತಿದರು. "ಹುಸೇನಪ್ಪ, ಯಾಕ? ಇಲ್ಲೇನೂ ಅಲುಗಿಲ್ಲ. ಜೋರು ಬಿಡ್ರಿ."

"ಗೆರಿ ಏಳಾಕತ್ತದ್ರಿ."

"ನಮಗೇನೂ ಗೊತ್ತಾಗವಲ್ದು!"

"ಕುಂತವರಿಗೆ ಗೊತ್ತಾಗಂಗಿಲ್ರಿ, ಗೆರಿಗೆ ಗೊತ್ತಾಗ್ತದ. ಸಣ್ಣ ಸಣ್ಣಂದು, ಟಣ್ ಟಣ್ ಅಂತ ಏಳಾಕತ್ತದ. ಎಲ್ಲೋ ಒಂದು ಕಾಲು ಸೋತದ್ರಿ. ನನ್ನ ಮಗಳು ಮ್ಯಾಲದಾಳ ಮೇಡಂ, ಜೋರು ಹೆಂಗ ಬಿಡ್ಲಿ? ನೀವ ಹೇಳಿದ್ರಿ, ನಾ ಅಂದ್ರೂ ಕೇಳಬ್ಯಾಡ ಅಂತ."

ಪರದೆ ಇದ್ದದ್ದು ಮುಂಗೋಣೆಯಲ್ಲಿ ಮಾತ್ರ; ಅದನ್ನು ಅಲ್ಲಿಟ್ಟವರೂ ಮಂದಾಕಿನಿಯೇ. ಎದ್ದು ಹೋಗಿ ನೋಡೋಣವೆಂದರೆ ಹುಲಿಗೆಮ್ಮನ ಹಿಡಿತ ಸಡಿಲಲಿಲ್ಲ. ತಮಗೆ ತಿಳಿಯದ ಕುಲುಕು ನಿಜಕ್ಕೂ ಇರಬಹುದು, ಅದು ರಕ್ತವನ್ನು ಹೆಚ್ಚಿಸಬಹುದು ಎಂದು ಅವರಿಗೂ ಅನ್ನಿಸಿತು. ತಾವೇ ಮಾಡಿದ ಉಪಕರಣವನ್ನು ತಾವೇ ನಂಬದಿದ್ದರೆ ಹೇಗೆ? "ಆತು, ನಿಮಗ ತಿಳಿದಂಗ ಮಾಡ್ರಿ" ಎಂದುಬಿಟ್ಟರು.

ಗೆರೆ ಏಳುತ್ತಿತ್ತು. ಹುಸೇನಪ್ಪ ಬ್ರೇಕ್ ಒತ್ತುತ್ತಿದ್ದ. ಸ್ವಲ್ಪ ಹೊತ್ತು ನೆಟ್ಟಗಾಗುತ್ತಿತ್ತು, ಅವನು ಉಸಿರು ಬಿಡುತ್ತಿದ್ದ. ಮತ್ತೆ ಟಣ್ಣನೆ ಎದ್ದರೆ ಮತ್ತೆ ಬ್ರೇಕ್. ಕಡೆಗೆ ಗಾಡಿ ಮನುಷ್ಯರ ನಡಿಗೆಯಷ್ಟಾಯಿತು. ದಾರಿಯ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ನಿಂತು ನೋಡಿದರು. ಕೆಲವರು ಜೊತೆಗೇ ಸ್ವಲ್ಪ ದೂರ ನಡೆದು ಹಿಂದಿರುಗಿದರು.

ಬರಬರುತ್ತಾ ಗೆರೆಯ ಏಳುವಿಕೆ ಕಡಿಮೆಯಾಯಿತು. ಮೊದಲು ಎತ್ತರವಾಗಿ ಏಳುತ್ತಿದ್ದದ್ದು ಗಿಡ್ಡವಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು. ಆಮೇಲೆ ಪೂರ್ತಿ ನೆಟ್ಟಗಾಯಿತು.

"ಮೇಡಂ!" ಹುಸೇನಪ್ಪನ ದನಿಯಲ್ಲಿ ಅಳು ನಗು ಎರಡೂ ಇದ್ದವು. "ಸರಿಯಾತ್ರಿ! ಗೆರಿ ನೆಟ್ಟಗಾತು! ನನ್ನ ಹುಲಿಗಿಗೆ ಹೇಳ್ರಿ, ಅಪ್ಪ ಹಿಡಿತಕ್ಕ ತಂದಾನ ಅಂತ ಹೇಳ್ರಿ!"

ಮಂದಾಕಿನಿ ಹೇಳಿದರು. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. ಒಮ್ಮೆ ಸಾಧಿಸಿದ ಆ ನೆಟ್ಟನೆಯ ಗೆರೆ ಮತ್ತೆ ಕೆಡಬಾರದೆಂದು ಹುಸೇನಪ್ಪ ಅದೇ ವೇಗದಲ್ಲಿ, ಒಂದಿಷ್ಟೂ ಹೆಚ್ಚಿಸದೆ, ಆಸ್ಪತ್ರೆಯ ಬಾಗಿಲಿನ ತನಕ ಗಾಡಿ ನಡೆಸಿದ.

ವೈದ್ಯರು ತಾಯಿಯನ್ನು ಉಳಿಸಿದರು. ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಗಂಡು ಕೂಸು, ತಲೆತುಂಬ ಕೂದಲು. "ಇನ್ನೊಂಚೂರು ಮೊದಲ ಬಂದಿದ್ರ..." ಎಂದು ವೈದ್ಯೆ ಎಸ್ತರಮ್ಮನ ಹತ್ತಿರ ಹೇಳಿದ್ದು ಹುಸೇನಪ್ಪನಿಗೂ ಕೇಳಿಸಿತು. ಅವನು ಗೋಡೆಗೆ ಒರಗಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಕೂತಲ್ಲೇ ಕೂತ.

ಹುಲಿಗೆಮ್ಮನಿಗೆ ಎಚ್ಚರವಾದಾಗ ಅವಳೇ ಅಪ್ಪನಿಗೆ ಸಮಾಧಾನ ಹೇಳಿದಳು. "ನಮ್ಮ ನಸೀಬು ಅಪ್ಪಾ. ನೀ ಏನ ಮಾಡ್ತಿ? ನೀ ಒಂಚೂರೂ ಅಲುಗಿಸಲಿಲ್ಲ. ಅದಕ್ಕ ನಾನರ ಉಳಿದೆ."

ಸರಕು ಸರಕೇ. ಪರಿವರ್ತಕವನ್ನು ಮತ್ತೆ ಅಂಗಳಕ್ಕೆ ತರಲೇಬೇಕಿತ್ತು. ಬೇರೆಯವರನ್ನು ಕಳುಹಿಸುತ್ತೇವೆಂದರೂ ಹುಸೇನಪ್ಪ ಕೇಳಲಿಲ್ಲ, ತಾನೇ ತಂದ. ಈ ಸಲ ಬಸಿಯಲ್ಲಿ ಚಹಾ ಇಡಲಿಲ್ಲ.

ಬಾದರದಿನ್ನಿ ಮಂದಾಕಿನಿಯನ್ನು ಮುಂಗೋಣೆಗೆ ಕರೆದು ಪರದೆ ತೋರಿಸಿದರು. ಅವರು ಒಳ್ಳೆಯ ಮನುಷ್ಯ. ದುಃಖದಲ್ಲಿದ್ದವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಹೊರಟಿದ್ದರು. "ನೋಡ್ರಿ ಮೇಡಂ, ಹೋಗುವಾಗ ಹಳ್ಳದ ಆಚೆ ಒಂದಿಷ್ಟು ಎದ್ದದ. ಆಮ್ಯಾಲಿಂದು ನೋಡ್ರಿ, ಎಂಥಾ ಗೆರಿ! ಇಷ್ಟು ನೆಟ್ಟಗಿಂದು ನಾ ಕಂಡೇ ಇಲ್ಲ. ಯಂತ್ರಕ್ಕ ಏನೂ ಆಗಿಲ್ಲ. ಹುಸೇನಪ್ಪಂದು ಕೈ ಅಂದ್ರ ಕೈ."

ಮಂದಾಕಿನಿ ಗೆರೆಯನ್ನು ನೋಡಿದರು. ಆ ಏಳುವಿಕೆಗಳಿಗೆ ರಸ್ತೆಯ ಲಕ್ಷಣವಿರಲಿಲ್ಲ. ಸೋತ ಚಕ್ರವಾದರೆ ಸುತ್ತಿಗೊಂದು ಬರಬೇಕು, ಇವಕ್ಕೆ ತಾಳವಿಲ್ಲ. ಕಂಪಲೇಖಕ ಬಿಗಿದ ಹಲಗೆ ಅವರಿಗೆ ನೆನಪಾಯಿತು, ಅದರ ಮೇಲೆ ಅಲುಗದೆ ಮಲಗಿದ್ದ ಹುಡುಗಿ ನೆನಪಾದಳು. ತಾಯಿಯ ಉಸಿರು, ತಾಯಿಯ ಎದೆಬಡಿತ, ಎಂಜಿನ್ನಿನ ಸದ್ದು, ತಾಳಬದ್ಧವಾದದ್ದೆಲ್ಲವನ್ನೂ ಉಪಕರಣ ಸೋಸಿ ಬಿಟ್ಟಿತ್ತು. ತಾಳವಿಲ್ಲದೆ ಒದೆಯುತ್ತಿದ್ದದ್ದು ಒಂದೇ ಜೀವ. ಅವರು ಪರದೆ ಆರಿಸಿದರು.

ಹೊರಗೆ ಬಂದಾಗ ಹುಸೇನಪ್ಪ ಅಳತೆಕೋಣೆಯ ಹಲಗೆ ತೊಳೆಯುತ್ತಿದ್ದ. ಎಷ್ಟು ತೊಳೆದರೂ ಮೂಲೆಯಲ್ಲಿ ಕಲೆ ಉಳಿದಿತ್ತು.

"ಮೇಡಂ, ಹೋಗುವಾಗ ಗೆರಿ ಎದ್ದದ್ದು ಯಾಕ?" ಎಂದ, ತಲೆ ಎತ್ತದೆ.

"ರಸ್ತೆ ಹುಸೇನಪ್ಪ. ರಸ್ತೆ ಕೆಟ್ಟದ."

"ಬರುವಾಗ ಅದೇ ರಸ್ತೆರಿ. ಅದೇ ಹಳ್ಳ, ಅದೇ ತಗ್ಗು. ನಾ ಬೇಕಂತನೇ ಜೋರು ಬಿಟ್ಟೆ. ಹಿಂದ ಯಾವತ್ತೂ ಬಿಡದಷ್ಟು ಜೋರು ಬಿಟ್ಟೆ." ಅವನು ಚಿಂದಿಯನ್ನು ಹಿಂಡಿದ. "ಗೆರಿ ಏಳಲಿಲ್ರಿ."

ಮಂದಾಕಿನಿ ಅವನ ಪಕ್ಕದಲ್ಲೇ, ಒದ್ದೆ ಹಲಗೆಯ ಮೇಲೆ, ಕುಳಿತರು.

"ಕೂಸು ಒದೀತಿತ್ತಲ್ರೀ?"

"ಹೌದು."

"ನಾ ಅದೀನಿ, ನಾ ಅದೀನಿ ಅಂತ ಒದೀತಿತ್ತು. ಒದ್ದಾಗೊಮ್ಮೆ ಅಜ್ಜ ಬ್ರೇಕ್ ಒತ್ತಿದ." ಹುಸೇನಪ್ಪ ಮೂಲೆಯ ಕಲೆಯನ್ನು ಮತ್ತೆ ಉಜ್ಜಿದ. "ಅದು ಒದೆಯೋದು ಬಿಟ್ಟಾಗ ನಾ ಕೂಗಿದೆ ಮೇಡಂ. ಖುಷಿಗೆ ಕೂಗಿದೆ."

"ತಪ್ಪು ನಂದು. ಗೆರಿ ನಂಬು ಅಂದಾಕಿ ನಾ. ನಿಧಾನ ಆತು ಅಂದಾಗ ಸುಮ್ಮನ ಕುಂತಾಕಿನೂ ನಾ. ಹುಲಿಗಿಗೆ ನಾನೇ ಹೇಳ್ತೀನಿ, ನಿಮ್ಮಪ್ಪಂದು ತಪ್ಪಿಲ್ಲ ಅಂತ."

"ಬ್ಯಾಡ್ರಿ!" ಹುಸೇನಪ್ಪ ಗಾಬರಿಯಿಂದ ಅವರ ಮುಖ ನೋಡಿದ. ಎರಡು ಕೈ ಜೋಡಿಸಿದ. "ಅಕಿಗೆ ಏನೂ ಹೇಳಬ್ಯಾಡ್ರಿ. ಅಪ್ಪ ಒಂಚೂರೂ ಅಲುಗಿಸಲಿಲ್ಲ ಅಂತ ಆಸ್ಪತ್ರ್ಯಾಗ ಬಂದವರಿಗೆಲ್ಲ ಹೇಳಾಕತ್ತಾಳ. ಅಕಿಗೆ ಉಳಿದದ್ದು ಅದೊಂದೇರಿ. ಅದು ಇರ್ಲಿ."

ಮಂದಾಕಿನಿ ಹುಲಿಗೆಮ್ಮನಿಗೆ ಹೇಳಲಿಲ್ಲ. ಆದರೆ ಮುಂದಿನ ವರ್ಷದಿಂದ ಬಂದ ಸಮತೊಟ್ಟಿಲುಗಳಲ್ಲಿ ಒಂದು ಹೊಸ ಗಂಟೆ ಇತ್ತು. ಗೆರೆ ಎದ್ದಾಗ ಅದು ಬಾರಿಸುವುದಿಲ್ಲ. ಬಹಳ ಹೊತ್ತು ನೆಟ್ಟಗೇ ಇದ್ದರೆ ಬಾರಿಸುತ್ತದೆ. ಮೇಸ್ತ್ರಿಗಳಿಗೆ ಇದೊಂದು ತಲೆನೋವು. ಎಲ್ಲ ಸರಿ ಇರುವಾಗ ಬಡಿದುಕೊಳ್ಳುವ ಗಂಟೆ ಯಾವ ಪುರುಷಾರ್ಥಕ್ಕೆ ಎಂದು ಬೈದು, ಹೆಚ್ಚಿನವರು ಅದಕ್ಕೆ ಬಟ್ಟೆ ತುರುಕುತ್ತಾರೆ.

ಹುಸೇನಪ್ಪ ಮಾತ್ರ ತುರುಕುವುದಿಲ್ಲ. ಗಂಟೆ ಬಾರಿಸಿದಾಗಲೆಲ್ಲ ಗಾಡಿ ನಿಲ್ಲಿಸಿ ಇಳಿಯುತ್ತಾನೆ, ಏಣಿ ಹತ್ತಿ ಅಳತೆಕೋಣೆಯ ಬಾಗಿಲು ತೆರೆದು ಒಳಗೆ ನೋಡುತ್ತಾನೆ. ಒಳಗೆ ಯಾರೂ ಇರುವುದಿಲ್ಲ. ಬಾಗಿಲು ಹಾಕಿ, ಮತ್ತೆ ಬಂದು ಗಾಡಿ ಹೊರಡಿಸುತ್ತಾನೆ.